ದೀವರ ಚಿತ್ತಾರ: ಪ್ರೇರಣೆ, ರಚನಾಕ್ರಮ ಮತ್ತು ಕಲಿಕೆಯ ಪರಂಪರೆ

ಕರ್ನಾಟಕದ ಜನಪದ ಚಿತ್ರಕಲೆಯನ್ನು ಕುರಿತ ಬರೆಹಗಳಲ್ಲಿ ಮಲೆನಾಡಿನ ದೀವರ ಚಿತ್ತಾರಕ್ಕೆ ವಿಶಿಷ್ಟವಾದ ಸ್ಥಾನವಿದೆ. ಈ ಬರೆಹಗಳಲ್ಲಿ ಹೆಚ್ಚಿನವು ಚಿತ್ತಾರದ ಆಕೃತಿಗಳನ್ನು ಪಟ್ಟಿಮಾಡಿ, ಅವುಗಳಿಗೆ ಸಾಂಕೇತಿಕ ಅರ್ಥವನ್ನು ಹೇಳಿ ಮುಗಿಸುತ್ತವೆ. ಆಕೃತಿಯನ್ನು ಬರೆಯುವ ಹೆಣ್ಣುಮಗಳು ಯಾವುದರಿಂದ ಪ್ರೇರಣೆ ಪಡೆಯುತ್ತಾಳೆ, ಯಾವ ಕ್ರಮದಲ್ಲಿ ಕೆಲಸ ಮಾಡುತ್ತಾಳೆ, ತಾನು ಕಲಿತದ್ದನ್ನು ಮುಂದಿನವರಿಗೆ ಹೇಗೆ ದಾಟಿಸುತ್ತಾಳೆ ಎಂಬ ಪ್ರಶ್ನೆಗಳು ಹಿಂದೆ ಉಳಿದಿವೆ. ನಗರದ ಕಲಾವಿದರನ್ನು ಕುರಿತು ಬರೆಯುವಾಗ ಸಹಜವಾಗಿ ಕೇಳಲಾಗುವ ಈ ಪ್ರಶ್ನೆಗಳನ್ನು ಜನಪದ ಕಲಾವಿದೆಯ ವಿಷಯದಲ್ಲಿ ಕೇಳದಿರುವುದಕ್ಕೆ ಒಂದು ಗ್ರಹಿಕೆ ಕಾರಣವಾಗಿದೆ. ಜನಪದ ಕಲೆ ಸಮುದಾಯದ ಸೃಷ್ಟಿ, ಅಲ್ಲಿ ವ್ಯಕ್ತಿಗೆ ಸ್ಥಾನವಿಲ್ಲ ಎಂಬುದೇ ಆ ಗ್ರಹಿಕೆ. ಪ್ರಸ್ತುತ ಲೇಖನವು ಈ ಗ್ರಹಿಕೆಯನ್ನು ದೀವರ ಚಿತ್ತಾರದ ನೆಲೆಯಲ್ಲಿ ಪರಿಶೀಲಿಸುತ್ತದೆ.

ಹಿನ್ನೆಲೆ

ದೀವರು ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರ ಮತ್ತು ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕುಗಳಲ್ಲಿ ಹೆಚ್ಚಾಗಿ ನೆಲೆಸಿರುವ ಕೃಷಿಕ ಸಮುದಾಯ. ದೀರ್ಘಕಾಲ ಗೇಣಿದಾರರಾಗಿದ್ದ ಇವರ ಇತಿಹಾಸದಲ್ಲಿ ೧೯೫೧ರ ಕಾಗೋಡು ಸತ್ಯಾಗ್ರಹ ಮುಖ್ಯ ಘಟ್ಟ. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಪ್ರಮಾಣವೇ ಆ ಹೋರಾಟಕ್ಕೆ ನಿಮಿತ್ತವಾಯಿತು. ಭತ್ತವು ಈ ಸಮುದಾಯಕ್ಕೆ ಅನ್ನ, ಗೇಣಿ ಮತ್ತು ಸ್ವಾಭಿಮಾನಗಳೆಲ್ಲವೂ ಆಗಿತ್ತು. ಅದೇ ಭತ್ತದ ಅಕ್ಕಿ ಚಿತ್ತಾರದ ಬಿಳಿ ಬಣ್ಣವೂ ಆಗುತ್ತದೆ ಎಂಬುದನ್ನು ಮರೆತರೆ ಈ ಕಲೆಯ ಸಾಮಾಜಿಕ ನೆಲೆ ಅರ್ಥವಾಗುವುದಿಲ್ಲ.

‘ಚಿತ್ತಾರ’ ಎಂಬುದು ‘ಚಿತ್ರ’ ಶಬ್ದದ ತದ್ಭವ ರೂಪ. ಚಿತ್ತಾರ ಬರೆಯುವಲ್ಲಿ ನುರಿತ ಮಹಿಳೆಯನ್ನು ‘ಚಿತ್ತಾರಗಿತ್ತಿ’ ಎನ್ನುತ್ತಾರೆ. ಸೂಲಗಿತ್ತಿ, ಹೂವಾಡಗಿತ್ತಿ ಮುಂತಾದ ಪದಗಳ ಸಾಲಿಗೆ ಸೇರುವ ಈ ಪದವೇ ಒಂದು ಪುರಾವೆ. ಎಲ್ಲ ಮನೆಗಳಲ್ಲೂ ಎಲ್ಲರೂ ಒಂದೇ ಮಟ್ಟದಲ್ಲಿ ಬರೆಯುತ್ತಿದ್ದರೆ ಇಂತಹ ಪ್ರತ್ಯೇಕ ಹೆಸರಿನ ಅಗತ್ಯವಿರುತ್ತಿರಲಿಲ್ಲ. ಸಮುದಾಯವು ತನ್ನೊಳಗೆ ನುರಿತ ಕೈಯನ್ನು ಗುರುತಿಸಿ ಅದಕ್ಕೆ ಹೆಸರನ್ನೂ ಕೊಟ್ಟಿದೆ. ಗುರುತಿಸದೆ ಉಳಿದವರು ಹೊರಗಿನಿಂದ ನೋಡಿದವರು.

ಪ್ರೇರಣೆಯ ಮೂಲಗಳು

ಚಿತ್ತಾರಕ್ಕೆ ಸಂದರ್ಭವೇ ಮೊದಲ ಪ್ರೇರಣೆ. ಮದುವೆ, ಭೂಮಿ ಹುಣ್ಣಿಮೆ, ದೀಪಾವಳಿ ಮುಂತಾದ ಸಂದರ್ಭಗಳಲ್ಲಿ ಗೋಡೆಯೂ ಬುಟ್ಟಿಯೂ ಸಿದ್ಧವಾಗುತ್ತವೆ. ಮದುವೆಯಲ್ಲಿ ವಧೂವರರು ಕುಳಿತುಕೊಳ್ಳುವ ಹಸೆಯ ಹಿಂದಿನ ಗೋಡೆಯ ಮೇಲೆ ಬರೆಯುವುದು ಹಸೆ ಚಿತ್ತಾರ. ಅದಿಲ್ಲದೆ ಹಸೆಯ ಜಾಗ ಪೂರ್ಣವಾಗದು. ರಥದ ಆಕಾರವನ್ನು ಆಧರಿಸಿದ ತೇರು ಚಿತ್ತಾರ, ಕಂಬಗಳ ಮೇಲಿನ ಮುಂಡಿಗೆ ಚಿತ್ತಾರ ಮೊದಲಾದವು ಇತರ ಪ್ರಕಾರಗಳು.

ಆಶ್ವಯುಜ ಮಾಸದ ಭೂಮಿ ಹುಣ್ಣಿಮೆಯಲ್ಲಿ ತೆನೆಗಟ್ಟಿದ ಗದ್ದೆಯನ್ನು ಗರ್ಭಿಣಿಯೆಂದು ಭಾವಿಸಿ ಅವಳಿಗೆ ಬಯಕೆಯ ಊಟವನ್ನು ಬಡಿಸಲಾಗುತ್ತದೆ. ಪೂಜೆಯ ಸಾಮಗ್ರಿಯನ್ನೂ ಸೊಪ್ಪುಗಳನ್ನು ಬೆರೆಸಿ ಬೇಯಿಸಿದ ಚರಗವನ್ನೂ ಒಯ್ಯುವ ಬಿದಿರಿನ ಬುಟ್ಟಿಯೇ ಭೂಮಣ್ಣಿ ಬುಟ್ಟಿ. ಹಬ್ಬಕ್ಕೆ ಕೆಲವು ದಿನ ಮೊದಲೇ ಬುಟ್ಟಿಗೆ ಸಗಣಿ ಸಾರಿಸಿ, ಅದರ ಮೇಲೆ ಕೆಮ್ಮಣ್ಣು ಬಳಿದು, ಒಣಗಿದ ಬಳಿಕ ಅಕ್ಕಿಹಿಟ್ಟಿನಿಂದ ಚಿತ್ತಾರ ಬರೆಯಲಾಗುತ್ತದೆ. ಇಲ್ಲಿ ಚಿತ್ರವು ಪ್ರದರ್ಶನಕ್ಕಾಗಿ ಇಟ್ಟ ವಸ್ತುವಲ್ಲ. ಅದು ಬೆಳಗಿನ ಜಾವದ ಕತ್ತಲಲ್ಲಿ ತಲೆಯ ಮೇಲೇರಿ ಗದ್ದೆಗೆ ಹೋಗುತ್ತದೆ.

ಎರಡನೆಯ ಪ್ರೇರಣೆ ದಿನನಿತ್ಯದ ವಸ್ತುಲೋಕ. ಚಿತ್ತಾರದ ಪರಿಭಾಷೆಯನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಬಾಸಿಂಗ ಮದುವೆಯ ಶಿರೋಭೂಷಣ, ದಂಡಿಗೆ ಪಲ್ಲಕ್ಕಿ, ಜೋಗಿ ಜಡೆ ಹೆಣೆದ ಕೂದಲ ವಿನ್ಯಾಸ, ಮೂಲೆ ಆರತಿ ಚೌಕಟ್ಟಿನ ಮೂಲೆಗಳನ್ನು ಬೆಳಗುವ ಆಕೃತಿ. ನಿಲಿ, ಪೋಪಳಿ ಎಂಬ ವಿನ್ಯಾಸಗಳಲ್ಲಿ ಗೆರೆಗಳು ಒಂದನ್ನೊಂದು ಅಡ್ಡಹಾಯ್ದು ನೇಯ್ಗೆಯನ್ನು ನೆನಪಿಸುತ್ತವೆ. ಬಟ್ಟೆಯ ಅಂಚು, ಜಡೆ, ಬುಟ್ಟಿಯ ಹೆಣಿಗೆ ಮುಂತಾಗಿ ಕೈಗೆ ಮೊದಲೇ ಪರಿಚಿತವಾಗಿರುವ ಹೆಣಿಗೆಯ ತರ್ಕವನ್ನು ಗೋಡೆಗೆ ತರುವುದೇ ಇಲ್ಲಿನ ಸೃಷ್ಟಿಕ್ರಿಯೆ. ಆದ್ದರಿಂದ ಚಿತ್ತಾರವನ್ನು ನಿಸರ್ಗದ ಅನುಕರಣೆ ಎನ್ನುವುದಕ್ಕಿಂತ, ಒಂದು ಕೈಕೆಲಸದ ಜ್ಞಾನವು ಮತ್ತೊಂದು ಮಾಧ್ಯಮದಲ್ಲಿ ಪಡೆದ ರೂಪಾಂತರ ಎನ್ನುವುದು ಹೆಚ್ಚು ಸಮಂಜಸ.

ನೆಲ, ಬಣ್ಣ ಮತ್ತು ಕುಂಚ

ಚಿತ್ತಾರಕ್ಕೆ ಒದಗುವ ಸಾಮಗ್ರಿಗಳೆಲ್ಲವೂ ಸುತ್ತಲಿನ ಪರಿಸರದಿಂದಲೇ ಬರುತ್ತವೆ. ಕೆಮ್ಮಣ್ಣು ಬಳಿದ ಗೋಡೆ ಚಿತ್ರದ ನೆಲ. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದು ಪಡೆದ ಹಿಟ್ಟು ಬಿಳಿಯ ಬಣ್ಣ. ಬಿಳಿ ಜೇಡಿಮಣ್ಣನ್ನು ಬಳಸುವುದೂ ಉಂಟು. ಅಕ್ಕಿಯನ್ನು ಕಪ್ಪಾಗುವವರೆಗೆ ಹುರಿದು ಅರೆದರೆ ಕಪ್ಪು, ಗುರಿಗೆ ಬೀಜದಿಂದ ಹಳದಿ. ಒಂದೇ ಧಾನ್ಯ ಬೆಂಕಿಯ ಸಂಪರ್ಕದಿಂದ ಬಿಳಿಯೂ ಕಪ್ಪೂ ಆಗುವುದು ಗಮನಾರ್ಹ. ಪುಂಡಿ ನಾರಿನ ತುದಿಯನ್ನು ಹದಗೊಳಿಸಿದರೆ ಕುಂಚ ಸಿದ್ಧವಾಗುತ್ತದೆ.

ಈ ಸಾಮಗ್ರಿಗಳ ಗುಣವೇ ರಚನಾಕ್ರಮವನ್ನು ನಿರ್ಧರಿಸುತ್ತದೆ. ಅಕ್ಕಿಹಿಟ್ಟಿನ ಗೆರೆ ಹಸಿಯಿರುವಾಗ ಮಸುಕಾಗಿರುತ್ತದೆ. ಒಣಗಿದ ಮೇಲೆಯೇ ಅದರ ಬಿಳುಪು ಪೂರ್ಣವಾಗಿ ಮೂಡುತ್ತದೆ. ಎಂದರೆ, ತಾನು ಎಳೆಯುತ್ತಿರುವ ಗೆರೆಯ ಅಂತಿಮ ರೂಪವನ್ನು ಕಲಾವಿದೆ ಆ ಕ್ಷಣದಲ್ಲಿ ಕಾಣಲಾರಳು. ಹಿಟ್ಟು ತೆಳುವಾದರೆ ಒಣಗಿದಾಗ ಗೆರೆ ಕಾಣದು, ಗಟ್ಟಿಯಾದರೆ ನಾರು ಓಡದು, ಒಣಗಿದ ಗೆರೆ ಉದುರುತ್ತದೆ. ಈ ಹದ ಅಳತೆಯಲ್ಲಿ ಹೇಳುವಂಥದ್ದಲ್ಲ, ಬೆರಳು ಬಲ್ಲದ್ದು. ನಾರಿನ ಕುಂಚವೂ ಹಾಗೆಯೇ. ಅದು ಮೃದುವಾಗಿ ಬಳುಕುವ ಕೂದಲಿನ ಕುಂಚವಲ್ಲವಾದ್ದರಿಂದ ಬಾಗಿದ ಗೆರೆಗಿಂತ ನೇರವಾದ ಗೆರೆಗೆ ಹೆಚ್ಚು ಒಗ್ಗುತ್ತದೆ. ಚಿತ್ತಾರದಲ್ಲಿ ಜ್ಯಾಮಿತೀಯ ರೂಪಗಳೇ ಪ್ರಧಾನವಾಗಿರುವುದಕ್ಕೆ ಹೆಣಿಗೆಯ ಸ್ಮೃತಿಯೊಂದಿಗೆ ಈ ಉಪಕರಣದ ಸ್ವಭಾವವೂ ಕಾರಣವಾಗಿರಬೇಕು.

ರಚನಾಕ್ರಮ

ಹಸೆ ಚಿತ್ತಾರದ ಆಧಾರ ಚೌಕಟ್ಟು. ಚೌಕಟ್ಟಿನ ಅಂಚುಗಳು ಹಲವು ಸಾಲುಗಳ ಸಮಾನಾಂತರ ಗೆರೆಗಳಿಂದಲೂ ನಿಲಿಯ ಹೆಣಿಗೆಯಿಂದಲೂ ಕಟ್ಟಿಕೊಳ್ಳುತ್ತವೆ. ಒಳಗಿನ ಅವಕಾಶದಲ್ಲಿ ವಧೂವರರು, ದಂಡಿಗೆ, ಬಾಸಿಂಗ ಮೊದಲಾದವು ಸೇರುತ್ತವೆ. ಈ ಚೌಕಟ್ಟನ್ನು ಮನೆಯ ಪ್ರತಿರೂಪವಾಗಿ ಅರ್ಥೈಸುವುದುಂಟು. ಮದುವೆಯೆಂದರೆ ಹೊಸ ಮನೆಯೊಂದರ ಆರಂಭವಾದ್ದರಿಂದ ಈ ವಿವರಣೆ ಸಂದರ್ಭಕ್ಕೆ ಹೊಂದುತ್ತದೆ.

ಹೆಣಿಗೆಯ ವಿನ್ಯಾಸಕ್ಕೆ ಎಣಿಕೆ ಮುಖ್ಯ. ಒಂದು ಅಂಚಿನಲ್ಲಿ ಎಷ್ಟು ಗೆರೆ ಬಂದಿತೋ ಎದುರಿನ ಅಂಚಿನಲ್ಲಿ ಅಷ್ಟೇ ಬರಬೇಕು; ಅಡ್ಡಗೆರೆ ಯಾವ ಗೆರೆಯ ಮೇಲೆ ಹಾಯಬೇಕು, ಎಲ್ಲಿ ನಿಲ್ಲಬೇಕು ಎಂಬುದು ಮೊದಲೇ ಮನಸ್ಸಿನಲ್ಲಿರಬೇಕು. ಕೆಮ್ಮಣ್ಣಿನ ಮೇಲೆ ಹಿಟ್ಟಿನ ಗೆರೆಯನ್ನು ಅಳಿಸಿದರೆ ಅಲ್ಲಿ ಕಲೆ ಉಳಿಯುತ್ತದೆ. ತಪ್ಪಿದ ಗೆರೆಯನ್ನು ಮುಂದಿನ ಗೆರೆಗಳ ಅಂತರದಲ್ಲಿ ಸರಿದೂಗಿಸಿಕೊಳ್ಳಬೇಕಾಗುತ್ತದೆ. ಕನ್ನಡದಲ್ಲಿ ‘ಬರೆ’ ಎಂಬ ಒಂದೇ ಧಾತು ಅಕ್ಷರ, ಗೆರೆ ಮತ್ತು ಚಿತ್ರ ಮೂರಕ್ಕೂ ಸಲ್ಲುತ್ತದೆ. ಶಾಲೆಯ ಅಕ್ಷರದಿಂದ ದೂರ ಉಳಿದ ಹಿಂದಿನ ತಲೆಮಾರಿನ ಹೆಣ್ಣುಮಕ್ಕಳನ್ನು ‘ಬರೆಯಲು ಬಾರದವರು’ ಎಂದು ದಾಖಲಿಸಿದ ವ್ಯವಸ್ಥೆ, ಅವರು ಗೋಡೆಯ ಮೇಲೆ ಬರೆದದ್ದನ್ನು ಬರೆಹವೆಂದು ಎಣಿಸಲಿಲ್ಲ.

ಕಲಿಕೆ ಮತ್ತು ಕಿವಿಮಾತು

ಈ ಕಲೆಗೆ ಲಿಖಿತ ಪಾಠಕ್ರಮವಿಲ್ಲ. ತಾಯಿ, ಅಜ್ಜಿ, ಅತ್ತೆಯರ ಜೊತೆಯಲ್ಲಿ ಕುಳಿತು ಕೆಮ್ಮಣ್ಣು ಕಲಸುವುದು, ಅಕ್ಕಿ ಅರೆಯುವುದು, ನಾರು ಸಿದ್ಧಪಡಿಸುವುದು ಇವೇ ಕಲಿಕೆಯ ಮೊದಲ ಹಂತಗಳು. ಗೆರೆ ಎಳೆಯುವ ಮುನ್ನವೇ ಗೆರೆಗೆ ಬೇಕಾದ ಹದವನ್ನು ಕಲಿಯುವ ಈ ಕ್ರಮದಲ್ಲಿ ಒಂದು ಶಿಸ್ತಿದೆ. ಹಿರಿಯಳ ಕಿವಿಮಾತು ಸೌಂದರ್ಯದ ಬಗೆಗಿನ ಉಪದೇಶವಾಗಿರದೆ ಹದ, ಎಣಿಕೆ ಮತ್ತು ವೇಳೆಗೆ ಸಂಬಂಧಿಸಿದ ಸೂಚನೆಯಾಗಿರುತ್ತದೆ. ಮದುವೆಯಾದ ಹೆಣ್ಣು ತವರಿನ ಕೈಯನ್ನು ಗಂಡನ ಮನೆಯ ಗೋಡೆಗೆ ಒಯ್ಯುತ್ತಾಳಾದ್ದರಿಂದ ಊರಿಂದೂರಿಗೆ ವಿನ್ಯಾಸಗಳು ಹರಡುವ ದಾರಿಯೂ ಇದೇ ಆಗಿದೆ.

ಇಲ್ಲಿ ಸ್ವಾತಂತ್ರ್ಯವೆಷ್ಟು, ಕಟ್ಟಳೆಯೆಷ್ಟು ಎಂಬ ಪ್ರಶ್ನೆ ಏಳುತ್ತದೆ. ಸಂದರ್ಭ, ಚೌಕಟ್ಟು ಮತ್ತು ಆಕೃತಿಗಳ ಹೆಸರು ಪರಂಪರೆಯಿಂದ ಬರುತ್ತವೆ. ಗೆರೆಗಳ ಸಂಖ್ಯೆ, ಅಂತರ, ಆಕೃತಿಗಳ ಆಯ್ಕೆ ಮತ್ತು ಜೋಡಣೆ ಬರೆಯುವವಳಿಗೆ ಸೇರಿದ್ದು. ಜನಪದ ಗಾಯಕಿಯೊಬ್ಬಳು ಗೊತ್ತಿರುವ ಧಾಟಿಯಲ್ಲಿ ಹಾಡನ್ನು ಬೆಳೆಸುವಂತೆ ಚಿತ್ತಾರಗಿತ್ತಿಯೂ ಗೊತ್ತಿರುವ ಆಕೃತಿಗಳಲ್ಲಿ ಗೋಡೆಯನ್ನು ಬೆಳೆಸುತ್ತಾಳೆ. ಪರಂಪರೆ ಮತ್ತು ವ್ಯಕ್ತಿಪ್ರತಿಭೆ ಇಲ್ಲಿ ಪರಸ್ಪರ ವಿರುದ್ಧವಾದ ನೆಲೆಗಳಲ್ಲ.

ಪಲ್ಲಟಗಳು

ಅಕ್ಕಿಹಿಟ್ಟು ನೀರಿಗೆ ಕರಗುತ್ತದೆ. ಮಲೆನಾಡಿನ ಮಳೆಗಾಲದ ತೇವದಲ್ಲಿ ಚಿತ್ತಾರ ಮಾಸುವುದು ಸಹಜ. ಮತ್ತೆ ಸಾರಿಸಿ ಮತ್ತೆ ಬರೆಯುವುದೂ ಅಷ್ಟೇ ಸಹಜವಾಗಿತ್ತು. ಈ ಅಳಿವು ದೋಷವಾಗಿರಲಿಲ್ಲ. ಅಳಿದುದರಿಂದಲೇ ಮುಂದಿನ ವರ್ಷದ ಹುಡುಗಿಗೆ ಕಲಿಯಲು ಗೋಡೆ ಸಿಗುತ್ತಿತ್ತು. ಮಣ್ಣಿನ ಗೋಡೆಯ ಜಾಗಕ್ಕೆ ಸಿಮೆಂಟು ಬಂದಾಗ ಈ ಚಕ್ರ ತುಂಡಾಯಿತು. ಶರಾವತಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ೧೯೬೪ರಲ್ಲಿ ಪೂರ್ಣಗೊಂಡಾಗ ಮುಳುಗಡೆಯಾದ ಹಳ್ಳಿಗಳಲ್ಲಿ ದೀವರ ಮನೆಗಳೂ ಇದ್ದವು. ಮುಳುಗಿದ ಗದ್ದೆ ತೋಟಗಳ ಲೆಕ್ಕ ಸರ್ಕಾರಿ ಕಡತಗಳಿಗೆ ಸೇರುತ್ತದೆ. ಹಸೆಗೋಡೆಗಳಿಗೆ ಅಂತಹ ಲೆಕ್ಕವಿಲ್ಲ.

ಮತ್ತೊಂದೆಡೆ ಚಿತ್ತಾರವು ಕಾಗದ, ಕ್ಯಾನ್ವಾಸು, ಬಟ್ಟೆಗಳಿಗೆ ವಲಸೆ ಬಂದಿದೆ. ಹೆಣ್ಣುಮಕ್ಕಳದ್ದೇ ಆಗಿದ್ದ ಈ ಕಲೆಯನ್ನು ಚಂದ್ರಶೇಖರ ಸಿರಿವಂತೆ ಅವರಂತಹ ಪುರುಷ ಕಲಾವಿದರೂ ಕೈಗೆತ್ತಿಕೊಂಡು ಹೊರಜಗತ್ತಿಗೆ ಪರಿಚಯಿಸಿದ್ದಾರೆ. ಇಂತಹ ಪಲ್ಲಟ ಭಾರತದ ಇತರೆಡೆಗಳಲ್ಲೂ ನಡೆದಿದೆ. ೧೯೬೬–೬೭ರ ಬರಗಾಲದ ಸಂದರ್ಭದಲ್ಲಿ ಬಿಹಾರದ ಮಿಥಿಲೆಯ ಮಹಿಳೆಯರಿಗೆ ಅಖಿಲ ಭಾರತ ಕರಕುಶಲ ಮಂಡಳಿ ಕಾಗದವನ್ನು ಒದಗಿಸಿ ಗೋಡೆಯ ಚಿತ್ರಗಳನ್ನು ಮಾರುಕಟ್ಟೆಗೆ ತಂದಿತು. ಮುಂದೆ ಜಗದಂಬಾ ದೇವಿ, ಸೀತಾ ದೇವಿ, ಗಂಗಾ ದೇವಿಯರು ಪದ್ಮಶ್ರೀ ಪುರಸ್ಕೃತರಾದರು. ಮಹಾರಾಷ್ಟ್ರದ ವಾರ್ಲಿ ಸಮುದಾಯದಲ್ಲಿ ಮದುವೆಯ ಚಿತ್ರವನ್ನು ಬರೆಯುತ್ತಿದ್ದವರು ಮಹಿಳೆಯರು. ಅದನ್ನು ಕಾಗದಕ್ಕೆ ತಂದು ಪ್ರಸಿದ್ಧಿಗೊಳಿಸಿದವರಲ್ಲಿ ಪ್ರಮುಖರು ೨೦೧೧ರಲ್ಲಿ ಪದ್ಮಶ್ರೀ ಪಡೆದ, ೨೦೧೮ರಲ್ಲಿ ನಿಧನರಾದ ಜೀವ್ಯಾ ಸೋಮಾ ಮಶೆ.

ಈ ನಿದರ್ಶನಗಳಿಂದ ಎರಡು ಸಂಗತಿಗಳು ತಿಳಿಯುತ್ತವೆ. ಕಾಗದಕ್ಕೆ ಬಂದ ಕಲೆಗೆ ಹೆಸರು ಮತ್ತು ಸಂಪಾದನೆ ಬಂದವು; ಅನಾಮಿಕ ಕೈಗಳು ಕಲಾವಿದರೆನಿಸಿದವು. ಇದನ್ನು ಪರಂಪರೆಯ ನಾಶವೆಂದು ಹಳಿಯುವುದು ಅನ್ಯಾಯ. ಆದರೆ ಚಿತ್ರ ಸಂದರ್ಭದಿಂದ ಕಳಚಿಕೊಂಡಾಗ ಅದರ ಕಾಲವೂ ಬದಲಾಗುತ್ತದೆ. ಮದುವೆಯ ದಿನಕ್ಕಾಗಿ ಮೂಡಿ ಮಾಸಬೇಕಾದ ಹಸೆ ಚಿತ್ತಾರ ಗಾಜಿನ ಚೌಕಟ್ಟಿನಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ. ಚಿತ್ರ ಉಳಿಯುತ್ತದೆ, ಮತ್ತೆ ಬರೆಯುವ ಅಗತ್ಯ ಉಳಿಯುವುದಿಲ್ಲ.

ಸಂಗ್ರಹಾಲಯಕ್ಕೆ ಸೇರಿದ್ದೂ ಸುರಕ್ಷಿತವೆನ್ನುವಂತಿಲ್ಲ. ಗಂಗಾ ದೇವಿಯವರು ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯದ ಗೋಡೆಗಳ ಮೇಲೆ ಬರೆದಿದ್ದ ಪ್ರಸಿದ್ಧ ಕೋಹಬರ್ ಘರ್ ೨೦೧೫ರಲ್ಲಿ ನವೀಕರಣದ ವೇಳೆ ನಾಶವಾಯಿತು. ಹಳ್ಳಿಯ ಗೋಡೆ ಅಳಿದರೆ ಅದನ್ನು ಮತ್ತೆ ಬರೆಯುವ ಕೈ ಪಕ್ಕದಲ್ಲಿರುತ್ತದೆ. ಗಂಗಾ ದೇವಿಯವರು ಆ ವೇಳೆಗೆ ಬದುಕಿರಲಿಲ್ಲ.

ಉಪಸಂಹಾರ

ಒಟ್ಟಿನಲ್ಲಿ, ದೀವರ ಚಿತ್ತಾರದ ಪ್ರೇರಣೆ ಸಂದರ್ಭದಲ್ಲಿದೆ, ರಚನಾಕ್ರಮ ಸಾಮಗ್ರಿಯ ಹದದಲ್ಲಿದೆ, ಕಿವಿಮಾತು ಒಡನಾಟದಲ್ಲಿದೆ. ಆದುದರಿಂದ ಕೇವಲ ಆಕೃತಿಗಳ ಛಾಯಾಚಿತ್ರ ಸಂಗ್ರಹ ದಾಖಲಾತಿಯೆನಿಸದು. ಗೋಡೆ ಸಾರಿಸುವುದರಿಂದ ಮೊದಲ್ಗೊಂಡು ಗೆರೆ ಒಣಗುವವರೆಗಿನ ಕೆಲಸದ ಕ್ರಮ, ಆಯಾ ಊರಿನ ಮಾತಿನಲ್ಲಿ ಆಕೃತಿಗಳ ಹೆಸರು, ಹಿಟ್ಟಿನ ಹದದ ಬಗ್ಗೆ ಹಿರಿಯರು ಆಡುವ ಮಾತು, ಯಾರಿಂದ ಯಾರು ಕಲಿತರು ಎಂಬ ವಂಶಾವಳಿ ಇವೆಲ್ಲವೂ ದಾಖಲಾಗಬೇಕು. ಬರೆದವಳ ಒಪ್ಪಿಗೆಯೊಂದಿಗೆ ಅವಳ ಹೆಸರು ಚಿತ್ರದ ಜೊತೆಗಿರಬೇಕು. ತರಬೇತಿ ಶಿಬಿರಗಳು ಕ್ಯಾನ್ವಾಸಿನೊಂದಿಗೆ ಕೆಮ್ಮಣ್ಣಿನ ಗೋಡೆಯನ್ನೂ, ಅಂಗಡಿಯ ಬಣ್ಣದೊಂದಿಗೆ ಅರೆಯುವ ಕಲ್ಲನ್ನೂ ಇಟ್ಟುಕೊಳ್ಳುವುದು ಅಪೇಕ್ಷಣೀಯ. ಆ ಕಲ್ಲಿನ ಮುಂದೆ ಹಿರಿಯಳೊಬ್ಬಳ ಪಕ್ಕದಲ್ಲಿ ಹುಡುಗಿಯೊಬ್ಬಳು ಕುಳಿತಿರುವವರೆಗೆ ಗೋಡೆ ಮಾಸಿದರೂ ಚಿತ್ತಾರಕ್ಕೆ ಅಳಿವಿಲ್ಲ.