‘ಕಸಿನ್’ ಎಂದರೆ ಯಾರು?

ಜ್ಞಾನಭಾರತಿಯ ಭಾಷಾಂತರ ತರಗತಿಯಲ್ಲಿ ಒಮ್ಮೆ ಜೇನ್ ಆಸ್ಟಿನ್ನಳ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಕಾದಂಬರಿಯನ್ನು ಎತ್ತಿಕೊಂಡಿದ್ದೆ. 1814ರಲ್ಲಿ ಅಚ್ಚಾದ ಈ ಕೃತಿಯ ನಾಯಕಿ ಫ್ಯಾನಿ ಕೊನೆಗೆ ತನ್ನ ‘ಕಸಿನ್’ ಎಡ್ಮಂಡನನ್ನು ವರಿಸುತ್ತಾಳೆ. ಇಬ್ಬರ ತಾಯಂದಿರೂ ಒಡಹುಟ್ಟಿದವರು. ವಿದ್ಯಾರ್ಥಿನಿಯೊಬ್ಬಳು ಲೇಖನಿಯನ್ನು ಕೆಳಗಿಟ್ಟಳು. “ಸಾರ್, ಇವನು ಅವಳಿಗೆ ದೊಡ್ಡಮ್ಮನ ಮಗ, ಅಣ್ಣನಾಗಬೇಕು. ಅಣ್ಣನನ್ನು ಮದುವೆಯಾದಳೆಂದು ಕನ್ನಡದಲ್ಲಿ ಹೇಗೆ ಬರೆಯಲಿ?” ಎಂದಳು. ‘ಬಂಧು’ ಎಂದು ಬರೆದುಬಿಡಿ ಎಂದೆ. “ಬಂಧು ಎಂದರೆ ಯಾರು ಬೇಕಾದರೂ ಆಗಬಹುದಲ್ಲ ಸಾರ್” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಇಂಗ್ಲಿಷಿಗೆ ಈ ಬಡತನ ಹುಟ್ಟಿನಿಂದ ಬಂದುದಲ್ಲ. ಹಳೆಯ ಇಂಗ್ಲಿಷಿನಲ್ಲಿ ತಂದೆಯ ಸೋದರನಿಗೆ ಒಂದು ಹೆಸರು, ತಾಯಿಯ ಸೋದರನಿಗೆ ಇನ್ನೊಂದು ಹೆಸರು ಇದ್ದಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ತರುವಾಯ ಫ್ರೆಂಚಿನಿಂದ ‘ಅಂಕಲ್’, ‘ಆಂಟ್’, ‘ಕಸಿನ್’ಗಳು ಬಂದು ಅವನ್ನು ಹೊರದೂಡಿದುವು. ಸೋಜಿಗವೆಂದರೆ, ‘ಅಂಕಲ್’ ಶಬ್ದದ ಲ್ಯಾಟಿನ್ ಮೂಲಕ್ಕೆ ಸೋದರಮಾವನೆಂದೇ ಅರ್ಥ. ‘ಆಂಟ್’ ಶಬ್ದದ ಮೂಲಕ್ಕೆ ಸೋದರತ್ತೆಯೆಂದು. ‘ಕಸಿನ್’ ಶಬ್ದದ ಮೂಲಕ್ಕೆ ತಾಯಿಯ ಸೋದರಿಯ ಮಗುವೆಂದು.

ಭೇದ ಅಳಿದ ಮೇಲೆ ಉಳಿದದ್ದು ಲೆಕ್ಕ. ಅಜ್ಜ ಅಜ್ಜಿಯರು ಒಂದೇ ಆದವರು ‘ಫಸ್ಟ್ ಕಸಿನ್’ಗಳು; ಮುತ್ತಜ್ಜ ಮುತ್ತಜ್ಜಿಯರು ಒಂದೇ ಆದವರು ‘ಸೆಕೆಂಡ್ ಕಸಿನ್’ಗಳು. ಇಬ್ಬರೂ ಒಂದೇ ತಲೆಮಾರಿನವರಲ್ಲದಿದ್ದರೆ ‘ರಿಮೂವ್ಡ್’ ಎಂಬ ಬಾಲ ಸೇರುತ್ತದೆ: ಎಷ್ಟು ತಲೆಮಾರಿನ ಅಂತರವೋ ಅಷ್ಟು ಸಲ. ನನ್ನ ತಂದೆಯ ಚಿಕ್ಕಪ್ಪನ ಮಗ ನನಗೆ ‘ಫಸ್ಟ್ ಕಸಿನ್ ಒನ್ಸ್ ರಿಮೂವ್ಡ್’. ನನ್ನ ಚಿಕ್ಕಪ್ಪನ ಮೊಮ್ಮಗನೂ ಅದೇ! ನಮಸ್ಕರಿಸಬೇಕಾದ ಹಿರಿಯನಿಗೂ ಎತ್ತಿ ಆಡಿಸಬೇಕಾದ ಕೂಸಿಗೂ ಒಂದೇ ಹೆಸರು.

ಕನ್ನಡ ದೂರವನ್ನು ಎಣಿಸುವುದಿಲ್ಲ. ಸಂಬಂಧ ಬಂದ ದಾರಿಯನ್ನು ನೋಡುತ್ತದೆ. ತಂದೆಗೆ ತಮ್ಮನಾಗುವವನು, ಎಷ್ಟು ದೂರದವನೇ ಆಗಲಿ, ನನಗೆ ಚಿಕ್ಕಪ್ಪ; ಅವನ ಮಕ್ಕಳು ನನಗೆ ಒಡಹುಟ್ಟಿದವರ ಸಮಾನ. ತಂದೆಗೆ ಅಕ್ಕನೋ ತಂಗಿಯೋ ಆಗುವವಳು ಅತ್ತೆ; ತಂದೆಗೆ ಭಾವನಾಗುವವನು ಮಾವ. ಇಷ್ಟು ಸೂತ್ರ ಹಿಡಿದು ನಮ್ಮ ಅಜ್ಜಿಯರು ಮದುವೆ ಮನೆಯಲ್ಲಿ ಸಿಕ್ಕ ಅಪರಿಚಿತನನ್ನೂ ನಾಲ್ಕು ಪ್ರಶ್ನೆಗಳಲ್ಲಿ ನೆಂಟನನ್ನಾಗಿ ಮಾಡಿಕೊಳ್ಳುತ್ತಿದ್ದರು. ಅತ್ತೆಯ ಮಕ್ಕಳೊಡನೆ, ಸೋದರಮಾವನ ಮಕ್ಕಳೊಡನೆ ಮದುವೆಯ ರೂಢಿ ದಕ್ಷಿಣದ ಹಲವು ಸಮುದಾಯಗಳಲ್ಲಿದೆ. ಆದುದರಿಂದಲೇ ಗಂಡನ ತಾಯಿಯೂ ಅತ್ತೆ, ಹೆಂಡತಿಯ ತಂದೆಯೂ ಮಾವ. ಗಂಡಸಿಗೆ ಅಕ್ಕನ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಅಮೆರಿಕದ ಲೂಯಿ ಹೆನ್ರಿ ಮಾರ್ಗನ್ 1871ರಲ್ಲಿ ಪ್ರಕಟಿಸಿದ ಬಂಧುವಾಚಕಗಳ ಬೃಹತ್ ಕೋಷ್ಟಕದಲ್ಲಿ ತಮಿಳು, ತೆಲುಗುಗಳೊಡನೆ ನಮ್ಮ ಕನ್ನಡವೂ ಇದೆ. 1955ರ ಹಿಂದೂ ವಿವಾಹ ಕಾಯಿದೆ ಇಂಥ ಹತ್ತಿರದ ಸಂಬಂಧಗಳನ್ನು ನಿಷೇಧಿಸಿಯೂ ರೂಢಿಯಿದ್ದಲ್ಲಿ ಅವಕಾಶವಿತ್ತಿದೆ.

ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಮದುವೆಯಾದ ಎಮ್ಮಾ ಅವನ ಸೋದರಮಾವನ ಮಗಳು. ನಮ್ಮ ಹಿರಿಯರು ಕೇಳಿದ್ದರೆ ತಲೆದೂಗುತ್ತಿದ್ದರು. ಫ್ಯಾನಿಯ ಮದುವೆಗೆ ಅವರೇ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಇಂಗ್ಲಿಷಿಗೆ ಎರಡೂ ‘ಕಸಿನ್’.

ಹಾಗೆಂದು ನಮ್ಮದೇ ಮೇಲೆಂದು ಬೀಗಬೇಕಾಗಿಲ್ಲ. ವಂಶವೃಕ್ಷ ಬರೆಯುವವನಿಗೆ, ಆಸ್ತಿಯ ಹಕ್ಕನ್ನು ವಿಚಾರಿಸುವವನಿಗೆ ಇಂಗ್ಲಿಷಿನ ಲೆಕ್ಕವೇ ಅನುಕೂಲ. ನಮ್ಮ ‘ಚಿಕ್ಕಪ್ಪ’ ಎಷ್ಟನೆಯ ತಲೆಯವನೆಂಬುದನ್ನು ಆ ಶಬ್ದ ತಿಳಿಸದು. ಆದರೆ ಇಂದು ಪಟ್ಟಣದ ಮನೆಗಳಲ್ಲಿ ನಾವು ಆ ಲೆಕ್ಕವನ್ನೂ ಕಲಿಯದೆ ಬರಿಯ ‘ಕಸಿನ್’ ಶಬ್ದವನ್ನು ತಂದುಕೊಂಡಿದ್ದೇವೆ. ಅದು ಸಾಲದೆಂದು ‘ಕಸಿನ್ ಬ್ರದರ್’ ಎಂದು ತೇಪೆ ಹಾಕುತ್ತೇವೆ. ಕಳೆದುಕೊಂಡ ಅಣ್ಣನಿಗಾಗಿ ನಾಲಗೆ ಇನ್ನೂ ತಡಕಾಡುತ್ತಿದೆ ಎಂದಲ್ಲವೆ ಇದರ ಅರ್ಥ?

ಮರುವಾರ ಆ ಹುಡುಗಿ ತನ್ನ ಭಾಷಾಂತರವನ್ನು ತಂದಳು. ‘ದೊಡ್ಡಮ್ಮನ ಮಗ ಎಡ್ಮಂಡ್’ ಎಂದೇ ಬರೆದಿದ್ದಳು. ಓದುಗರಿಗೆ ಇರಿಸುಮುರಿಸಾಗುವುದಿಲ್ಲವೆ ಎಂದೆ. ಅವಳು ಕಾದಂಬರಿಯ ಮೊದಲ ಅಧ್ಯಾಯವನ್ನು ತೆರೆದು ತೋರಿಸಿದಳು. ಹತ್ತು ವರ್ಷದ ಫ್ಯಾನಿಯನ್ನು ಮನೆಗೆ ಕರೆತರುವ ಮುನ್ನ ಹಿರಿಯರು ಅಲ್ಲಿ ಇದೇ ಆತಂಕವನ್ನು ಚರ್ಚಿಸುತ್ತಾರೆ: ಅಣ್ಣತಂಗಿಯರಂತೆ ಬೆಳೆದವರಲ್ಲಿ ಪ್ರೇಮ ಹುಟ್ಟದೆಂದು ಸಮಾಧಾನಪಟ್ಟುಕೊಳ್ಳುತ್ತಾರೆ.

“ಇರಿಸುಮುರಿಸು ಮೂಲದಲ್ಲೇ ಇದೆ ಸಾರ್” ಎಂದಳು. ನನ್ನ ‘ಬಂಧು’ ಅದನ್ನು ಮುಚ್ಚಿಬಿಡುತ್ತಿತ್ತು.