ಅಂತರ್ಜಾಲದ ಅಂಗಡಿಯೂ ಬೀಗದ ಚಿಹ್ನೆಯೂ

ಅಂತರ್ಜಾಲದ ಅಂಗಡಿಗಳಲ್ಲಿ ಸರಕು ಕೊಳ್ಳುವವರು ಪುಟದ ವಿಳಾಸದ ಬಳಿ ಬೀಗದ ಚಿಹ್ನೆಯನ್ನು ಕಂಡೊಡನೆ ಮಾರುವವನೂ ಪ್ರಾಮಾಣಿಕನೆಂದು ನಂಬುವುದುಂಟು. ಈ ನಂಬಿಕೆಗೆ ಆಧಾರವಿಲ್ಲವೆಂಬುದನ್ನು ನಾವಿಲ್ಲಿ ವಿವರಿಸಬಯಸುತ್ತೇವೆ. ಬೀಗವು ಸೂಚಿಸುವುದಿಷ್ಟೆ: ನಮ್ಮ ಯಂತ್ರಕ್ಕೂ ಆ ವಿಳಾಸದ ಯಂತ್ರಕ್ಕೂ ನಡುವೆ ಸಾಗುವ ವಿಷಯವು ಗೂಢಲಿಪಿಯಲ್ಲಿದ್ದು, ದಾರಿಯಲ್ಲಿ ಪರರು ಅದನ್ನು ಓದಲಾರರು. ಲಕೋಟೆಯ ಅರಗಿನ ಮುದ್ರೆ ಭದ್ರವಾಗಿದ್ದ ಮಾತ್ರಕ್ಕೆ ಅದನ್ನು ಪಡೆಯುವವನು ಸಜ್ಜನನೆಂದಾಗದಷ್ಟೆ. ಇದಕ್ಕೆ ಬೇಕಾದ ಪ್ರಮಾಣಪತ್ರವನ್ನು 2015ರ ಕೊನೆಯಿಂದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ವ್ಯವಸ್ಥೆಯು ಉಚಿತವಾಗಿ ಕೊಡುತ್ತ ಬಂದಿದೆ. ಅದು ಪರೀಕ್ಷಿಸುವುದು ವಿಳಾಸವು ಅರ್ಜಿದಾರನ ವಶದಲ್ಲಿದೆಯೇ ಎಂಬುದನ್ನು ಮಾತ್ರ. ಒಳ್ಳೆಯ ಏರ್ಪಾಡೇ ಸರಿ. ಆದರೆ ವಂಚಕನಿಗೂ ಅಷ್ಟೇ ಸುಲಭ. ಜನರ ಈ ತಪ್ಪು ತಿಳುವಳಿಕೆಯನ್ನು ಮನಗಂಡೇ ಗೂಗಲ್ ಸಂಸ್ಥೆಯು 2023ರಲ್ಲಿ ಕಂಪ್ಯೂಟರುಗಳ ಕ್ರೋಮ್‌ನಿಂದ ಬೀಗವನ್ನು ತೆಗೆದು ಬೇರೆ ಚಿಹ್ನೆಯನ್ನಿರಿಸಿತು.

ಹಾಗಾದರೆ ನೋಡತಕ್ಕುದೇನು? ಭಾರತದ 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ವ್ಯಾಪಾರ ಸಂಸ್ಥೆಯು ತನ್ನ ಕಾನೂನುಸಮ್ಮತ ಹೆಸರು, ಕಚೇರಿಯ ವಿಳಾಸ, ಕುಂದುಕೊರತೆ ಅಧಿಕಾರಿಯ ವಿವರ ಇವನ್ನು ಪುಟದಲ್ಲಿ ತೋರಿಸತಕ್ಕದ್ದು. ದೂರು ತಲುಪಿತೆಂದು 48 ಗಂಟೆಗಳೊಳಗೆ ತಿಳಿಸತಕ್ಕದ್ದು. ಇವಾವುವೂ ಇಲ್ಲದೆ, ವಾಟ್ಸಾಪ್ ಸಂಖ್ಯೆಯೊಂದನ್ನೇ ಕೊಟ್ಟು ಅರ್ಧ ಬೆಲೆಗೆ ರೇಷ್ಮೆ ಸೀರೆ ಮಾರುವೆವೆನ್ನುವ ಪುಟವನ್ನು ನಾವು ನಂಬೆವು. ವಿವರಗಳನ್ನೂ ಕದ್ದು ಬರೆಯಬಹುದಾದುದರಿಂದ ವಿಳಾಸದ ಅಕ್ಷರಗಳನ್ನು ಒಂದೊಂದಾಗಿ ಓದುವುದು ಮೇಲು. ಹಣ ಮರಳಿಸುವ ನೆಪದಲ್ಲಿ ಯುಪಿಐ ರಹಸ್ಯಸಂಖ್ಯೆಯನ್ನು ಒತ್ತಹೇಳಿದರೆ ಅದು ವಂಚನೆಯೇ. ಹಣ ಪಡೆಯಲು ಆ ಸಂಖ್ಯೆ ಬೇಕಿಲ್ಲ. ಮೋಸಹೋದವರು ಕೂಡಲೇ 1930ಕ್ಕೆ ಕರೆಮಾಡಿದರೆ, ಹಣವು ಬೇರೆ ಖಾತೆಗಳಿಗೆ ಹರಿದುಹೋಗುವ ಮುನ್ನ ಅದನ್ನು ತಡೆಯಲು ಅವಕಾಶವಿರುತ್ತದೆ.