ಒಗ್ಗೂಡಿದರೆ ವಿದ್ಯುತ್ ಅಗ್ಗ: ಹುಕ್ಕೇರಿಯಿಂದ ಅರಸೀಕೆರೆ, ಬೇಲೂರಿಗೆ ಪಾಠ

ಅರಸೀಕೆರೆಯ ಕೊಬ್ಬರಿ ಹಾಗೂ ತೆಂಗಿನ ನಾರಿನ ಘಟಕಗಳಿಗಾಗಲಿ, ಬೇಲೂರು-ಹಳೇಬೀಡು ಭಾಗದ ಗಿರಣಿಗಳಿಗಾಗಲಿ ವಿದ್ಯುತ್ ಬಿಲ್ಲು ಉತ್ಪಾದನಾ ವೆಚ್ಚದ ತಪ್ಪಿಸಲಾಗದ ಬಾಬು. ಹಾಸನ ಜಿಲ್ಲೆಗೆ 2005ರಿಂದ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವು ವಿದ್ಯುತ್ ವಿತರಿಸುತ್ತಿದೆ. ದರವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ನಿಗದಿಪಡಿಸುತ್ತದೆ. ಒಂಟಿ ಉದ್ದಿಮೆದಾರನ ಮಾತಿಗೆ ಇಲ್ಲಿ ತೂಕ ಕಡಿಮೆ. ಬಳಕೆದಾರರು ಸಂಘಟಿತರಾದರೆ ಏನು ಸಾಧ್ಯವೆಂಬುದಕ್ಕೆ ರಾಜ್ಯದಲ್ಲಿಯೇ ನಿದರ್ಶನವಿದೆ.

ಹುಕ್ಕೇರಿಯ ಮಾದರಿ

ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು 1969ರಲ್ಲಿ ಸ್ಥಾಪನೆಗೊಂಡಿತು. ಸಿರಿಸಿಲ್ಲ, ಕೋಡಿನಾರ್, ಮುಳಾ ಪ್ರವರಾ ಹಾಗೂ ಲಖನೌ ಸಂಘಗಳೊಡನೆ ಇದು ದೇಶದ ಮೊದಲ ಐದು ಪ್ರಾಯೋಗಿಕ ಸಂಘಗಳಲ್ಲೊಂದು. ಸಂಘವು ತಾನು ವಿತರಿಸುವ ವಿದ್ಯುತ್ತನ್ನು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯಿಂದ ಸಗಟಾಗಿ ಖರೀದಿಸಿ, ತನ್ನ ತಂತಿಮಾರ್ಗದ ಮೂಲಕ ಗ್ರಾಹಕರಿಗೆ ತಲುಪಿಸುತ್ತದೆ. ಸಗಟು ಮತ್ತು ಮಾರಾಟ ದರಗಳೆರಡನ್ನೂ ಆಯೋಗವೇ ನಿರ್ಧರಿಸುತ್ತದೆ. ಇವೆರಡರ ನಡುವಿನ ಅಂತರದಲ್ಲಿಯೇ ಸಿಬ್ಬಂದಿ, ದುರಸ್ತಿ ಹಾಗೂ ಸೋರಿಕೆಯ ವೆಚ್ಚವನ್ನು ಭರಿಸಬೇಕು. ಆದ್ದರಿಂದ ಸೋರಿಕೆಯ ನಿಯಂತ್ರಣ ಮತ್ತು ಬಿಲ್ಲಿನ ವಸೂಲಿಯೇ ಇಂತಹ ಸಂಘಗಳ ಜೀವಾಳ.

ಶಿಸ್ತು ತಪ್ಪಿದರೆ ಒದಗುವ ಫಲವನ್ನು ಮಹಾರಾಷ್ಟ್ರದ ಮುಳಾ ಪ್ರವರಾ ಸಂಘವು ತೋರಿಸಿದೆ. ವಿದ್ಯುತ್ ಖರೀದಿಯ ಬಾಕಿಯು ಬೆಟ್ಟದಂತೆ ಬೆಳೆದು, 2011ರಲ್ಲಿ ಅದರ ವಿತರಣಾ ಕಾರ್ಯವು ರಾಜ್ಯ ವಿತರಣಾ ಕಂಪನಿಯ ವಶವಾಯಿತು.

ಇಲ್ಲಿನ ಉದ್ದಿಮೆಗಳಿಗೆ ದಾರಿ

ವಿತರಣಾ ಜಾಲವಿರುವೆಡೆ ಹೊಸ ವಿತರಣಾ ಸಂಘ ಕಟ್ಟುವುದು ಸುಲಭವಲ್ಲ. ಆದರೆ ಒಟ್ಟಾಗಿ ಉತ್ಪಾದಿಸಲು 2003ರ ವಿದ್ಯುಚ್ಛಕ್ತಿ ಕಾಯ್ದೆಯು ಅವಕಾಶ ನೀಡಿದೆ. ಸ್ವಂತ ಬಳಕೆಯ ಸ್ಥಾವರವೆನಿಸಲು ಬಳಕೆದಾರರು ಕನಿಷ್ಠ ಶೇ. 26ರಷ್ಟು ಒಡೆತನ ಹೊಂದಿ, ವಾರ್ಷಿಕ ಉತ್ಪಾದನೆಯ ಕನಿಷ್ಠ ಶೇ. 51ರಷ್ಟನ್ನು ಬಳಸಬೇಕೆಂದು 2005ರ ನಿಯಮಗಳು ವಿಧಿಸಿದವು. ಸ್ಥಾವರವು ನೋಂದಾಯಿತ ಸಹಕಾರ ಸಂಘದ್ದಾದರೆ, ಸದಸ್ಯರೆಲ್ಲರೂ ಸೇರಿ ಈ ಷರತ್ತು ಪೂರೈಸಿದರೆ ಸಾಕು ಎಂಬುದು ಸಣ್ಣ ಘಟಕಗಳಿಗೆ ಮಹತ್ವದ ಅನುಕೂಲ. ಇಂತಹ ವಿದ್ಯುತ್ತಿಗೆ ಅಡ್ಡ ಸಹಾಯಧನದ ಮೇಲ್ತೆರಿಗೆಯಿಲ್ಲ; ಸಾಗಣೆಯ ಶುಲ್ಕಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲೇಬೇಕು.

ಅದಕ್ಕೂ ಮೊದಲು, ಪ್ರತಿಯೊಂದು ಘಟಕವೂ ಹನ್ನೆರಡು ತಿಂಗಳ ಬಿಲ್ಲುಗಳನ್ನು ಒಂದೆಡೆ ಸೇರಿಸಿ, ಮಂಜೂರಾದ ಹೊರೆ ಮತ್ತು ನೈಜ ಬಳಕೆಯನ್ನು ತಾಳೆ ನೋಡುವುದು ಒಳಿತು. ಆ ಅಂಕಿಗಳನ್ನು ಕ್ರೋಡೀಕರಿಸಿದರೆ ಸಂಘದ ಯೋಜನೆಗೆ ಆಧಾರ ದೊರೆಯುತ್ತದೆ. ದರ ಪರಿಷ್ಕರಣೆಯ ವೇಳೆ ಆಯೋಗದ ಮುಂದೆ ಒಕ್ಕೊರಲಿನ ಆಕ್ಷೇಪಣೆ ಸಲ್ಲಿಸಲೂ ಅವೇ ನೆರವಾಗುತ್ತವೆ.